ಹೊಗೆಸೊಪ್ಪು ಮತ್ತು ಕಾಲಪಾಕ

ಪೈಪಿನ ಹೊಗೆಸೊಪ್ಪನ್ನು ವರ್ಷಗಟ್ಟಲೆ ಮನೆಯಲ್ಲಿರಿಸಿ ಹದಗೊಳಿಸುವ ಪದ್ಧತಿಯು ಇಂಗ್ಲೆಂಡ್, ಅಮೆರಿಕಗಳ ರಸಿಕರಲ್ಲಿ ಪ್ರಚುರವಾಗಿರುವುದಾದರೂ, ಎಲ್ಲ ಸೊಪ್ಪೂ ಕಾಲದಿಂದ ಸಮಾನವಾಗಿ ಉತ್ಕರ್ಷ ಹೊಂದುವುದೆಂಬ ನಂಬಿಕೆಯನ್ನು ನಾನು ಒಪ್ಪಲಾರೆ. ಸಕ್ಕರೆಯ ಅಂಶ ವಿಪುಲವಾಗಿರುವ ವರ್ಜೀನಿಯಾ ಎಲೆಯು (ನಮ್ಮ ಹುಣಸೂರು, ಪಿರಿಯಾಪಟ್ಟಣಗಳ ರೈತರು ಬ್ಯಾರನ್ನೆಂಬ ಕಟ್ಟಡಗಳಲ್ಲಿ ಬಿಸಿಗಾಳಿಯಿಂದ ಹದಮಾಡುವುದೂ ಈ ಜಾತಿಯನ್ನೇ) ಗಾಳಿಯಾಡದ ಪಾತ್ರೆಯೊಳಗೆ ಮೆಲ್ಲಮೆಲ್ಲನೆ ಪರಿಣಾಮ ಹೊಂದುತ್ತ, ವರ್ಣದಲ್ಲಿ ಗಾಢವಾಗಿ, ನಾಲಗೆಯನ್ನು ಕಚ್ಚುವ ತೀಕ್ಷ್ಣತೆಯನ್ನು ಕಳೆದುಕೊಂಡು, ಒಣದ್ರಾಕ್ಷಿಯಂಥ ಪರಿಮಳವನ್ನು ತಾಳುತ್ತದೆ. ಸಕ್ಕರೆ ಅತ್ಯಲ್ಪವಾದ ಬರ್ಲಿ ಜಾತಿಯ ಎಲೆಯಲ್ಲಿ ಅಂಥ ಮಾರ್ಪಾಡು ಕಡಮೆ. ಸೌದೆಯ ಹೊಗೆಯಲ್ಲಿ ಹದಗೊಂಡ ಲಟಾಕಿಯಾ ಎಂಬ ಸೊಪ್ಪಿನ ಘಾಟಾದರೋ ಕಾಲಕ್ರಮದಲ್ಲಿ ಮಂದವಾಗುತ್ತದೆ.

ಪಾತ್ರೆಯ ವಿಷಯದಲ್ಲಿ ನನ್ನ ಅಭಿಪ್ರಾಯ ನಿಶ್ಚಿತವಾದುದು: ತಗಡಿನ ಡಬ್ಬಿಗೆ ತುಕ್ಕು ಹಿಡಿಯುವುದರಿಂದಲೂ, ತೆಳು ಪ್ಲಾಸ್ಟಿಕ್ ಚೀಲ ತೇವವನ್ನು ಹಿಡಿದಿಡಲಾರದುದರಿಂದಲೂ, 1858ರಲ್ಲಿ ಜಾನ್ ಲ್ಯಾಂಡಿಸ್ ಮೇಸನ್ ಪೇಟೆಂಟ್ ಪಡೆದ ಮಾದರಿಯ ತಿರುಪು ಮುಚ್ಚಳದ ಗಾಜಿನ ಜಾಡಿಯೇ ಶ್ರೇಷ್ಠ. ತುಂಬುವ ಮುನ್ನ ಒಂದು ಹಿಡಿ ಸೊಪ್ಪನ್ನು ಮುಷ್ಟಿಯಲ್ಲಿ ಹಿಚುಕಿ ಬಿಟ್ಟಾಗ ಎಳೆಗಳು ತಾವಾಗಿಯೇ ನಿಧಾನವಾಗಿ ಬಿಡಿಸಿಕೊಳ್ಳಬೇಕು. ಉಂಡೆಯಾಗಿಯೇ ನಿಂತರೆ ತೇವ ಅಧಿಕವೆಂದೂ, ಪುಡಿಯಾದರೆ ಒಣಗಿತೆಂದೂ ತಿಳಿಯತಕ್ಕದ್ದು. ಮುಗ್ಗಲು ವಾಸನೆ ಬಂದು ನೂಲಿನಂಥ ಬೂಷ್ಟು ಕಂಡರೆ ಇಡೀ ಜಾಡಿಯನ್ನು ನಿರ್ದಾಕ್ಷಿಣ್ಯವಾಗಿ ಬರಿದುಮಾಡಬೇಕು.

ಆದರೆ ಕಾಲವು ರುಚಿಯನ್ನು ಮೃದುಗೊಳಿಸಬಲ್ಲದೇ ಹೊರತು, ನಿಕೋಟಿನ್ನಿನ ವ್ಯಸನವನ್ನಾಗಲಿ, ದಹನದಿಂದ ಹುಟ್ಟುವ ಕ್ಯಾನ್ಸರ್‌ಕಾರಕ ವಿಷಗಳನ್ನಾಗಲಿ ನಿವಾರಿಸದು. ಹಳೆಯ ಸೊಪ್ಪು ನಿರಪಾಯವೆಂಬ ಮಾತು ಶುದ್ಧ ಭ್ರಾಂತಿ. ಸಂಗ್ರಹಿಸಲೇಬೇಕೆಂಬವರು ಜಾಡಿಯ ಮೇಲೆ ಸೊಪ್ಪಿನ ಹೆಸರನ್ನೂ ತುಂಬಿದ ದಿನಾಂಕವನ್ನೂ ಬರೆದು, ಬಿಸಿಲು ಸೋಕದ, ಮಕ್ಕಳ ಕೈಗೆ ಸಿಗದ ಬೀಗವುಳ್ಳ ಕಪಾಟಿನಲ್ಲಿ ಇರಿಸಬೇಕೆಂದು ನನ್ನ ವಿನಂತಿ.