ಚಿಕ್ಕದಾದರೆ ಸಾಕೆ, ತೆರೆಯಬೇಡವೆ?

ದುಬೈಯಿಂದ ರಜೆಗೆ ಭಟ್ಕಳಕ್ಕೆ ಬಂದ ಮಗ ಮೊಮ್ಮಗುವಿನ ಫೋಟೋಗಳನ್ನು ಪೆನ್‌ಡ್ರೈವಿನಲ್ಲಿ ತುಂಬಿ ತರುತ್ತಾನೆ. ಮನೆಯ ಹಳೆಯ ಕಂಪ್ಯೂಟರಿಗೆ ಸಿಕ್ಕಿಸಿದರೆ ಒಂದೂ ತೆರೆಯುವುದಿಲ್ಲ. ಹೊಸತೆಲ್ಲ ಮೇಲು ಎನ್ನುವವರು ಅಜ್ಜಿಗೆ ಏನು ಸಮಾಧಾನ ಹೇಳುತ್ತಾರೆ?

ನಮಗೆ ರೂಢಿಯಾದ ಜೆಪಿಜಿ 1992ರ ಕ್ರಮ. ಐಫೋನುಗಳು 2017ರಿಂದ ಹಿಡಿದದ್ದು ಎಚ್‌ಇಐಸಿ ಎಂಬ ಹೊಸ ದಾರಿ. ಅಷ್ಟೇ ಚೆಂದದ ಚಿತ್ರ ಸುಮಾರು ಅರ್ಧ ಜಾಗದಲ್ಲಿ ಕೂರುತ್ತದೆ. ಇದು ನಿಜ, ನಾನು ಅಲ್ಲಗಳೆಯುವುದಿಲ್ಲ. ಆದರೆ ಅದರೊಳಗಿನ ತಂತ್ರಕ್ಕೆ ಸುತ್ತಲೂ ಪೇಟೆಂಟುಗಳ ಬೇಲಿ. ಅದನ್ನು ತೆರೆಯಲು ಎಷ್ಟೋ ಕಂಪ್ಯೂಟರುಗಳಿಗೆ ಬೇರೆ ತಂತ್ರಾಂಶ ಹಾಕಬೇಕು. ಕುಮಟೆಯ ಒಂದು ಸ್ಟುಡಿಯೋದಲ್ಲಿ ನನಗೆ ಸಿಕ್ಕಿದ್ದು "ಇದು ಬರೂದಿಲ್ಲ ಅಕ್ಕ, ಜೆಪಿಜಿ ಮಾಡಿ ತನ್ನಿ" ಎಂಬ ಉತ್ತರ. ಉಳಿತಾಯ ಫೋನಿಗೆ, ಅಲೆದಾಟ ನಮ್ಮ ಕಾಲಿಗೆ!

ವಾಟ್ಸಾಪಿನಲ್ಲಿ ಕಳಿಸಿದರಾಯಿತಲ್ಲ ಎನ್ನುತ್ತಾರೆ. ಕಾಣುತ್ತದೆ, ಸರಿ. ಆದರೆ ಸಾಮಾನ್ಯವಾಗಿ ಅದು ಚಿತ್ರವನ್ನು ಕುಗ್ಗಿಸಿಯೇ ಕಳಿಸುವುದು. ದೊಡ್ಡದು ಮಾಡಿಸಿ ಗೋಡೆಗೆ ಹಾಕಲು ಹೊರಟಾಗ ಬಣ್ಣ ಬಯಲಾಗುತ್ತದೆ.

ಹಾಗೆಂದು ಹಳೆಯದೇನೂ ಅಪರಂಜಿಯಲ್ಲ. ಜೆಪಿಜಿ ಚಿತ್ರವನ್ನು ಎಂಟಕ್ಕೆ ಎಂಟು ಚುಕ್ಕಿಯ ಚೌಕಗಳಾಗಿ ಒಡೆದು, ಕಣ್ಣಿಗೆ ಸುಲಭವಾಗಿ ತಿಳಿಯದ ಸೂಕ್ಷ್ಮಗಳನ್ನು ಬಿಟ್ಟುಬಿಡುತ್ತದೆ. ಬೆಳಕು ನೆರಳಿಗಿಂತ ಬಣ್ಣದ ವಿವರಕ್ಕೇ ಹೆಚ್ಚು ಕತ್ತರಿ. ಹೊನ್ನಾವರದ ಕಡೆಯ ಯಕ್ಷಗಾನದ ಫೋಟೋವನ್ನು ತೀರ ಹಿಂಡಿ ಇಟ್ಟರೆ ವೇಷದ ಕೆಂಪು ಪಕ್ಕದ ಕಪ್ಪಿಗೆ ಹರಡಿದಂತೆ ಕಾಣುತ್ತದೆ. ಮುಡಿದ ಭಟ್ಕಳ ಮಲ್ಲಿಗೆಯ ಎಸಳು ಬಿಡಿಬಿಡಿಯಾಗಿ ಕಾಣದೆ ಹತ್ತಿಯ ಉಂಡೆಯಂತಾಗುತ್ತದೆ. ತಿದ್ದಿ ತಿದ್ದಿ ಮತ್ತೆ ಉಳಿಸಿದಷ್ಟೂ ಸವಕಲು. ಸುಮ್ಮನೆ ನಕಲು ಮಾಡಿದರೆ ಮಾತ್ರ ಏನೂ ಕೆಡುವುದಿಲ್ಲ.

ಇಷ್ಟಾಗಿಯೂ ನನ್ನ ಮತ ಹಳೆಯದಕ್ಕೇ. ಮಗಳ ಪರೀಕ್ಷೆಯ ಅರ್ಜಿ ಜೆಪಿಜಿ ಕೇಳುತ್ತದೆ, ಫೋಟೋ ಅಚ್ಚು ಹಾಕುವವನು ಜೆಪಿಜಿ ಕೇಳುತ್ತಾನೆ, ನೆರೆಮನೆಯ ಹತ್ತು ವರ್ಷದ ಹಿಂದಿನ ಕಂಪ್ಯೂಟರೂ ಅದನ್ನು ತಕರಾರಿಲ್ಲದೆ ತೋರಿಸುತ್ತದೆ. ಮನೆಮಂದಿಯ ಫೋಟೋಗೆ ಇದಕ್ಕಿಂತ ದೊಡ್ಡ ಗುಣ ಯಾವುದು?

ಐಫೋನಿನ ಸೆಟ್ಟಿಂಗ್ಸ್‌ನಲ್ಲಿ ಕ್ಯಾಮೆರಾ, ಅದರೊಳಗೆ ಫಾರ್ಮ್ಯಾಟ್ಸ್ ಎಂದಿದೆ. ಅಲ್ಲಿ 'ಮೋಸ್ಟ್ ಕಂಪ್ಯಾಟಿಬಲ್' ಆರಿಸಿದರೆ ಫೋಟೋ ಜೆಪಿಜಿಯಾಗುತ್ತದೆ. ಎಲ್ಲರೊಡನೆ ಹೊಂದಿಕೊಂಡು ಹೋಗುವುದು ಎಂದರ್ಥ. (ಸೊಸೆ ಹುಡುಕುವವರ ಮಾತಿನಂತಿದೆ!) ಹಳೆಯದಕ್ಕೆ ಈ ಹೆಸರಿಟ್ಟದ್ದು ಹೊಸದನ್ನು ತಂದ ಕಂಪನಿಯೇ. ಮಕ್ಕಳು ರಜೆ ಮುಗಿಸಿ ಹೊರಡುವ ಮೊದಲೇ ಇದನ್ನು ಮಾಡಿಸಿಕೊಳ್ಳಿ. ಈಗಾಗಲೇ ತೆಗೆದ ಫೋಟೋಗಳು ಇದರಿಂದ ಬದಲಾಗುವುದಿಲ್ಲ. ಅವುಗಳ ಜೆಪಿಜಿ ಪ್ರತಿ ಬೇರೆ ಮಾಡಿಸಿ, ಮೂಲವನ್ನೂ ಅಳಿಸದೆ ಇಟ್ಟುಕೊಳ್ಳಿ.