ಕೂಸನ್ನು ತರಲು ಹೋದವರ ದೇಶದರ್ಶನ

ದೇಶ ಸುತ್ತಬೇಕು, ಕೋಶ ಓದಬೇಕು ಎಂಬ ಹಿರಿಯರ ನುಡಿಯನ್ನು ಅರಿಯದವರಿಲ್ಲ. ವ್ಯಾಪಾರಕ್ಕಾಗಿ, ವಿದ್ಯೆಗಾಗಿ, ತೀರ್ಥಯಾತ್ರೆಗಾಗಿ ಪರದೇಶಕ್ಕೆ ಹೋದವರು ಅಲ್ಲಿನ ಪ್ರೇಕ್ಷಣೀಯ ಸ್ಥಳಗಳನ್ನು ನೋಡಿ ಬಂದರೆ ಯಾರೂ ಆಕ್ಷೇಪಿಸುವುದಿಲ್ಲ. ಆದರೆ ಅನಾಥ ಶಿಶುವೊಂದನ್ನು ದತ್ತು ಪಡೆಯಲು ಹೋದವರು ಕೋಟೆ ಕೊತ್ತಲಗಳನ್ನು ನೋಡುತ್ತ ತಿರುಗುವುದು ಉಚಿತವೇ? ಕೂಸು ಅಲ್ಲಿ ಕಾದಿರುವಾಗ ಇವರಿಗೆ ಇಲ್ಲಿ ವಿಹಾರವೇ ಎಂದು ಮೂಗುಮುರಿಯುವವರುಂಟು. ಕಚೇರಿಯ ಕಾಗದಗಳು ಸಿದ್ಧವಾಗುವವರೆಗೆ ಕೈಕಟ್ಟಿ ಕುಳಿತರೇನು ಫಲ ಎನ್ನುವವರೂ ಉಂಟು. ಈ ವಾದದಲ್ಲಿ ಮುಖ್ಯ ಕಕ್ಷಿಗಾರನು ಆ ಕೂಸೇ ಆದುದರಿಂದ, ಅದರ ಪರವಾಗಿ ಎರಡು ಮಾತು ಹೇಳುವುದು ಯುಕ್ತವೆಂದು ಭಾವಿಸುತ್ತೇವೆ.

ಚೀನ ದೇಶದ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಅಲ್ಲಿನ ಸರಕಾರವು 1992ರಲ್ಲಿ ಜಾರಿಗೆ ಬಂದ ಶಾಸನದ ಮೂಲಕ ಪರದೇಶೀಯರಿಗೆ ದತ್ತಕದ ಬಾಗಿಲನ್ನು ತೆರೆಯಿತು. 2024ರಲ್ಲಿ, ಹತ್ತಿರದ ಬಂಧುಗಳ ಹೊರತು ಮಿಕ್ಕವರಿಗೆ, ಅದನ್ನು ಮುಚ್ಚಿತು. ಈ ಅವಧಿಯಲ್ಲಿ ಒಂದೂವರೆ ಲಕ್ಷಕ್ಕೂ ಮಿಕ್ಕಿ ಮಕ್ಕಳು ಹೊರದೇಶಗಳಿಗೆ ಹೋದರು. ಅವರಲ್ಲಿ 80,000ಕ್ಕೂ ಹೆಚ್ಚು ಮಂದಿ ಅಮೆರಿಕವನ್ನು ಸೇರಿದರು. ಬಹುಪಾಲು ಹೆಣ್ಣುಮಕ್ಕಳು. ಮನೆಗೊಂದೇ ಮಗುವೆಂಬ ಕಟ್ಟಳೆಯು 2015ರ ಕೊನೆಯವರೆಗೂ ನಡೆದ ನಾಡಿನಲ್ಲಿ, ಗಂಡುಮಗುವಿನ ಹಂಬಲಕ್ಕೆ ಬಲಿಯಾದವರು ಇವರೇ ಎಂದು ಬೇರೆ ಹೇಳಬೇಕಾಗಿಲ್ಲ.

ಅಮೆರಿಕದ ದಂಪತಿಗಳ ಯಾತ್ರೆಯು ಸಾಮಾನ್ಯವಾಗಿ ಎರಡು ವಾರಗಳದಾಗಿದ್ದಿತು. ಮೊದಲು ಬೀಜಿಂಗಿನಲ್ಲಿ ಮಹಾಗೋಡೆ ಮತ್ತು ಅರಮನೆಯ ದರ್ಶನ. ಆಮೇಲೆ ಪ್ರಾಂತದ ರಾಜಧಾನಿಯಲ್ಲಿ ಕೂಸಿನ ಸ್ವೀಕಾರ. ಅದರ ಪಾಸ್‌ಪೋರ್ಟು ಸಿದ್ಧವಾಗುವವರೆಗೆ ಅಲ್ಲಿಯೇ ಕೆಲದಿನಗಳ ವಾಸ. ಕೊನೆಗೆ ವೀಸಾಕ್ಕಾಗಿ ಗ್ವಾಂಗ್‌ಝೌ ನಗರ. ಅಲ್ಲಿ ಮುತ್ತುನದಿಯ ದಡದಲ್ಲಿರುವ ಶಾಮ್ಯಾನ್ ದ್ವೀಪದ ವೈಟ್ ಸ್ವಾನ್ ಹೋಟೆಲು ಇಂತಹ ದಂಪತಿಗಳ ಬೀಡಾಗಿದ್ದಿತು. ಕೆಂಪು ಸೋಫಾದ ಮೇಲೆ ಕೂಸುಗಳನ್ನು ಸಾಲಾಗಿ ಕೂರಿಸಿ ಚಿತ್ರ ತೆಗೆಯುವುದು, ಆರು ಆಲಗಳ ದೇವಾಲಯದಲ್ಲಿ ಬೌದ್ಧಭಿಕ್ಷುಗಳಿಂದ ಆಶೀರ್ವಾದ ಪಡೆಯುವುದು, ಅಂಗಡಿಬೀದಿಯಲ್ಲಿ ಪುಟ್ಟ ರೇಷ್ಮೆ ಅಂಗಿ ಕೊಳ್ಳುವುದು ವಾಡಿಕೆಯಾಗಿದ್ದಿತು. ಹೊಂಗೂದಲಿನ ಬೊಂಬೆಯೊಂದು ಚೀನೀ ಶಿಶುವನ್ನು ಎತ್ತಿಕೊಂಡಂತೆ ಮಾಡಿದ ಆಟಿಗೆಯನ್ನೂ ಆ ಹೋಟೆಲಿನಲ್ಲಿ ಉಡುಗೊರೆಯಾಗಿ ಕೊಡುತ್ತಿದ್ದರು.

ಇದನ್ನು ನಾವು ಹಳಿಯುವುದಿಲ್ಲ. ಮಗುವಿನ ಜನ್ಮಭೂಮಿಯ ಅನ್ನವನ್ನುಂಡು, ಅದರ ಬೀದಿಗಳಲ್ಲಿ ನಡೆದು, ಅದರ ಜನರ ಮುಖವನ್ನು ಕಂಡು ಬಂದ ತಾಯ್ತಂದೆಗಳು ನಾಳೆ ಮಗು ಕೇಳಿದಾಗ ಪುಸ್ತಕವನ್ನು ಹುಡುಕಬೇಕಾಗಿಲ್ಲ. ಶಾಲೆಯಲ್ಲಿ ಯಾರಾದರೂ ಅದರ ಕಣ್ಣು ಮೂಗುಗಳನ್ನು ಹಾಸ್ಯಮಾಡಿದರೆ, ಅದರ ನಾಡಿನ ಹಿರಿಮೆಯನ್ನು ಕಣ್ಣಾರೆ ಕಂಡವರು ಧೈರ್ಯ ಹೇಳಬಲ್ಲರು. ಆದುದರಿಂದ ದೇಶದರ್ಶನವು ಅವರಿಗೆ ವಿಲಾಸವಲ್ಲ, ಕರ್ತವ್ಯವೇ ಸರಿ.

ಆದರೆ ಯಾವುದನ್ನು ನೋಡಬೇಕು? ಚೆಲುವನ್ನು ಮಾತ್ರ ನೋಡಿದರೆ ಅದು ಅರೆನೋಟ. ಶಾಮ್ಯಾನ್ ದ್ವೀಪದ ಅಂದವಾದ ಬಂಗಲೆಗಳು ಹಿಂದೆ ಆಂಗ್ಲರೂ ಫ್ರೆಂಚರೂ ಚೀನದಿಂದ ಕಿತ್ತುಕೊಂಡ ನೆಲದ ಮೇಲೆ ಎದ್ದವು. ಕಾಲುವೆಯಾಚೆಯ ಬೀದಿಯಲ್ಲಿ 1925ರ ಜೂನ್ 23ರಂದು ಅವರ ಸೈನಿಕರ ಗುಂಡಿಗೆ 50ಕ್ಕೂ ಹೆಚ್ಚು ಮಂದಿ ಚೀನೀಯರು ಆಹುತಿಯಾದರು. ಇಂದಿಗೂ ಆ ಬೀದಿಗೆ ಆ ದಿನಾಂಕದ ಹೆಸರೇ ಇರುವುದು. ನಾಡಿಗೆ ಎಂತೋ ಮಗುವಿಗೂ ಅಂತೆಯೇ. ಅದರ ಚರಿತ್ರೆಯಲ್ಲಿಯೂ ನೋವಿನ ಬೀದಿಯೊಂದಿದೆ. ಹನ್ನೆರಡು ವಯಸ್ಸಾದ ಹುಡುಗಿಯು ಮಹಾಗೋಡೆಯ ಉದ್ದವೆಷ್ಟೆಂದು ಕೇಳುವುದಿಲ್ಲ. ನಾನು ಸಿಕ್ಕಿದ್ದೆಲ್ಲಿ, ನನ್ನನ್ನು ಎತ್ತಿಕೊಂಡವರಾರು, ಹಾಲೂಡಿಸಿದವಳ ಹೆಸರೇನು ಎಂದು ಕೇಳುತ್ತಾಳೆ. ರಾಧೆಯ ಪ್ರೀತಿಯಲ್ಲಿ ಎಳ್ಳಷ್ಟೂ ಕೊರತೆಯಿರಲಿಲ್ಲ. ಆದರೂ ತಾನಾರೆಂಬ ಪ್ರಶ್ನೆಯು ಕರ್ಣನನ್ನು ಸುಡದೆ ಬಿಡಲಿಲ್ಲ. ಹೊಳೆಯಲ್ಲಿ ತೇಲಿಬಂದ ಆತನಿಗೆ ಗುರುತಾಗಿ ಕವಚಕುಂಡಲಗಳಿದ್ದುವು. ಈ ಮಕ್ಕಳಲ್ಲಿ ಕೆಲವರಿಗೆ ಇದ್ದುದು ಹುಟ್ಟಿದ ದಿನವನ್ನು ಬರೆದ ಕೆಂಪು ಕಾಗದದ ತುಂಡೊಂದೇ.

ಪತ್ರಿಕಾವೃತ್ತಿಯಲ್ಲಿರುವ ನಮ್ಮ ಮನಸ್ಸನ್ನು ಕಲಕಿದ ಸಂಗತಿಯೊಂದಿದೆ. ಸಿಕ್ಕಿದ ಶಿಶುವಿನ ಭಾವಚಿತ್ರದೊಡನೆ, ಸಿಕ್ಕಿದ ಸ್ಥಳವನ್ನು ತಿಳಿಸಿ, ಪ್ರಾಂತದ ವೃತ್ತಪತ್ರದಲ್ಲಿ ಸಣ್ಣ ಪ್ರಕಟಣೆಯನ್ನು ಕೊಡುವುದು ಚೀನದ ಪದ್ಧತಿಯಾಗಿದ್ದಿತು. ಮರುದಿನವೇ ಪೊಟ್ಟಣ ಕಟ್ಟುವ ಕಾಗದವಾಗುವ ಆ ಹಾಳೆಯಲ್ಲಿ ಎಷ್ಟೋ ಮಕ್ಕಳ ಮೊತ್ತಮೊದಲ ಚಿತ್ರವಿರುವುದು. ಯಾತ್ರೆಯ ಒಂದು ದಿನವನ್ನು ಆ ಪತ್ರಿಕೆಯ ಪ್ರತಿಯನ್ನು ಹುಡುಕುವುದಕ್ಕೂ, ಅನಾಥಾಲಯದ ಬಾಗಿಲನ್ನು ಕಾಣುವುದಕ್ಕೂ, ಆಯಾಳ ಹೆಸರನ್ನು ಬರೆದುಕೊಳ್ಳುವುದಕ್ಕೂ ಮೀಸಲಿಟ್ಟ ತಾಯ್ತಂದೆಗಳು ಧನ್ಯರು. ಕೆಲವೆಡೆ ಅಧಿಕಾರಿಗಳು ಒಪ್ಪಲಿಲ್ಲ, ನಿಜ. ಆದರೆ ಕೇಳಿ ಇಲ್ಲವೆನಿಸಿಕೊಳ್ಳುವುದು ಬೇರೆ, ಕೇಳದೆಯೇ ಬರುವುದು ಬೇರೆ.

ಇದು ಬರಿಯ ಭಾವುಕತೆಯ ಮಾತಲ್ಲ. 2005ರಲ್ಲಿ ಹುನಾನ್ ಪ್ರಾಂತದಲ್ಲಿ ಶಿಶುಗಳನ್ನು ಕೊಂಡು ಅನಾಥಾಲಯಗಳಿಗೆ ಮಾರುತ್ತಿದ್ದ ಜಾಲವು ಬಯಲಾಗಿ, ಮರುವರ್ಷ ಅಪರಾಧಿಗಳಿಗೆ ಶಿಕ್ಷೆಯಾಯಿತು. ಕಾಗದದಲ್ಲಿ ಬರೆದುದೆಲ್ಲವೂ ಸತ್ಯವಲ್ಲವೆಂದು ಅಂದು ಲೋಕಕ್ಕೆ ತಿಳಿಯಿತು. ಇಂದು ಬೆಳೆದು ದೊಡ್ಡವರಾದ ಆ ಹೆಣ್ಣುಮಕ್ಕಳಲ್ಲಿ ಹಲವರು ಮರಳಿ ಹೋಗಿ ಹಳೆಯ ಬೀದಿಗಳನ್ನು ಹುಡುಕುತ್ತಿದ್ದಾರೆ. ಎಷ್ಟೋ ಕಟ್ಟಡಗಳು ಉರುಳಿವೆ, ನೆನಪಿದ್ದವರು ಚದರಿದ್ದಾರೆ. ಅಂದು ಎರಡು ತಾಸಿನಲ್ಲಿ ದೊರೆಯಬಹುದಾಗಿದ್ದುದು ಇಂದು ಎರಡು ವರ್ಷ ಅಲೆದರೂ ದೊರೆಯದು.

ನಮ್ಮ ನಾಡಿಗೂ ಈ ಮಾತು ಸಲ್ಲುತ್ತದೆ. ಭಾರತದಿಂದಲೂ ಮಕ್ಕಳು ಪರದೇಶಕ್ಕೆ ದತ್ತು ಹೋಗುತ್ತಿದ್ದಾರೆ. ಮಗುವಿನ ಮೂಲದ ವಿವರಗಳನ್ನು ಕಾಪಾಡಬೇಕೆನ್ನುವ 1993ರ ಹೇಗ್ ಒಪ್ಪಂದವನ್ನು ನಮ್ಮ ಸರಕಾರವು 2003ರಲ್ಲಿ ಅಂಗೀಕರಿಸಿದೆ. ದತ್ತುಹೋದವರು ತಮ್ಮ ಬೇರನ್ನು ಅರಸುವುದಕ್ಕೆ ನಮ್ಮ ದತ್ತಕ ನಿಯಮಗಳಲ್ಲಿಯೂ ಅವಕಾಶವಿದೆ. ಆದರೆ ಬರೆದಿಡದ ವಿವರವನ್ನು ಯಾವ ನಿಯಮವು ತಂದುಕೊಟ್ಟೀತು? ದತ್ತು ಪಡೆಯಲು ನಮ್ಮಲ್ಲಿಗೆ ಬಂದವರಿಗೆ ಮೈಸೂರಿನ ಅರಮನೆಯನ್ನು ತೋರಿಸಲಿ, ಬೇಲೂರಿನ ಶಿಲ್ಪವನ್ನು ತೋರಿಸಲಿ, ಬೇಡವೆನ್ನೆವು. ಅದರೊಡನೆ ಆ ಕೂಸು ಮಲಗಿದ್ದ ತೊಟ್ಟಿಲನ್ನೂ ತೋರಿಸಲಿ. ಅದನ್ನು ತೂಗಿದ ಕೈಗಳ ಹೆಸರನ್ನು ಹೇಳಲಿ. ಮೈಮೇಲಿದ್ದ ಬಟ್ಟೆಯ ತುಂಡನ್ನು ಮಡಿಸಿ ಕೊಡಲಿ. ಶಿಶುಗೃಹಗಳನ್ನು ನಡೆಸುವ ಮಹನೀಯರು ಇದನ್ನು ತಮ್ಮ ಧರ್ಮವೆಂದು ತಿಳಿಯಬೇಕೆಂದು ನಮ್ಮ ವಿನಂತಿ. ಅರಮನೆಯು ಇನ್ನು ನೂರು ವರ್ಷವಾದರೂ ನಿಂತಲ್ಲಿಯೇ ನಿಂತಿರುವುದು. ಆ ಮಗು ಯಾವಾಗ ಬೇಕಾದರೂ ಬಂದು ನೋಡಬಹುದು. ತೊಟ್ಟಿಲು ತೂಗಿದವಳು ಅಷ್ಟು ಕಾಲ ಕಾದಿರಲಾರಳು.