ಇಂಗ್ಲಿಷ್ ತಿದ್ದಲು ಕನ್ನಡದ ವಿಭಕ್ತಿ ಸಾಕು

ಬೊಮ್ಮನಹಳ್ಳಿಯಲ್ಲಿ ಹೊಸೂರು ರಸ್ತೆಯ ಆಚೀಚೆ ಗಾರ್ಮೆಂಟ್ಸ್‌ಗಳೂ ಇವೆ, ಸಾಫ್ಟ್‌ವೇರ್ ಕಚೇರಿಗಳೂ ಇವೆ. ಹೊಲಿಗೆ ಮೆಷಿನ್ನಿನ ಮುಂದೆ ದುಡಿಯುವ ತಾಯಿಯ ಮಗಳು ಕಂಪ್ಯೂಟರ್ ಮುಂದೆ ಕೂರಬೇಕಾದರೆ ಮೊದಲು ದಾಟಬೇಕಾದದ್ದು ಒಂದು ಪುಟದ ಇಂಗ್ಲಿಷ್ ಅರ್ಜಿಯನ್ನು. ಅದರಲ್ಲಿ ತಪ್ಪು ಕಂಡರೆ ‘ಗಮನವಿಲ್ಲ, ಸರಿಯಾಗಿ ಓದಿಲ್ಲ’ ಎಂದುಬಿಡುತ್ತೇವೆ. ಇದು ಅನ್ಯಾಯ. ಆ ತಪ್ಪುಗಳಲ್ಲಿ ಎಷ್ಟೋ ಅಲಕ್ಷ್ಯದಿಂದ ಆದವಲ್ಲ, ಕನ್ನಡದ ನಿಯಮವನ್ನು ನಿಷ್ಠೆಯಿಂದ ಪಾಲಿಸಿದ್ದರಿಂದ ಆದವು.

‘ಪಿಯುಸಿ ಮುಗಿಸಿ, ಟೈಪಿಂಗ್ ಕಲಿತು, ಕೆಲಸ ಹುಡುಕುತ್ತಿದ್ದೇನೆ’ ಎನ್ನುವ ವಾಕ್ಯದಲ್ಲಿ ಪೂರ್ಣ ಕ್ರಿಯಾಪದ ಕೊನೆಯದೊಂದೇ. ನಡುವೆ ಅಲ್ಪವಿರಾಮ ಸಾಕು. ಅದನ್ನೇ ‘ಐ ಫಿನಿಶ್ಡ್ ಪಿಯುಸಿ, ಐ ಲರ್ನ್ಡ್ ಟೈಪಿಂಗ್’ ಎಂದು ಬರೆದರೆ ಎರಡು ಪೂರ್ಣ ವಾಕ್ಯಗಳಾಗುತ್ತವೆ. ಅಲ್ಲಿ ಪೂರ್ಣವಿರಾಮವೋ ‘ಆ್ಯಂಡ್’ ಎಂಬ ಕೊಂಡಿಯೋ ಬೇಕು. ‘ಅವರು ಎಲ್ಲಿದ್ದಾರೆ ಎಂದು ಗೊತ್ತಿಲ್ಲ’ ಎನ್ನುವಾಗ ಕನ್ನಡದಲ್ಲಿ ಪ್ರಶ್ನೆ ಇದ್ದಂತೆಯೇ ಉಳಿಯುತ್ತದೆ. ‘ಐ ಡೋಂಟ್ ನೋ ವೇರ್ ಈಸ್ ಹಿ’ ಹುಟ್ಟುವುದು ಅಲ್ಲಿಂದ. ಇಂಗ್ಲಿಷಿನಲ್ಲಿ ‘ಹಿ ಈಸ್’ ಎಂದು ಕ್ರಮ ತಿರುಗಬೇಕು. ಇನ್ನು ಅಪಾಸ್ಟ್ರಫಿ. ಬಾಯ್ಸ್ ಎಂಬ ಒಂದೇ ಉಚ್ಚಾರಣೆಗೆ ಇಂಗ್ಲಿಷಿನಲ್ಲಿ ಮೂರು ಬರಹಗಳಿರುವುದರಿಂದ ಇಂಗ್ಲಿಷ್ ಮನೆಮಾತಿನವರೂ ಎಡವುತ್ತಾರೆ. ನಮ್ಮ ಮಕ್ಕಳಿಗೆ ಆ ಗೊಂದಲವೇ ಬೇಕಿಲ್ಲ: ಹುಡುಗರು ಎಂದಾದರೆ ಚಿಹ್ನೆ ಬೇಡ, ಹುಡುಗನ ಎಂದಾದರೆ ಎಸ್‌ಗೆ ಮೊದಲು, ಹುಡುಗರ ಎಂದಾದರೆ ಎಸ್ ಆದಮೇಲೆ. ಷಷ್ಠೀ ವಿಭಕ್ತಿ ಬಲ್ಲ ಮಗುವಿಗೆ ಇದು ಒಂದು ಪೀರಿಯಡ್ಡಿನ ಪಾಠ.

ಇಂಗ್ಲಿಷನ್ನು ಇಂಗ್ಲಿಷಿನಲ್ಲೇ ಕಲಿಸಬೇಕು ಎನ್ನುವವರಿದ್ದಾರೆ. ಮಾತಿಗೆ ಅದು ಸರಿಯೇ. ಕಿವಿಗೆ ಬೀಳದೆ ಮಾತು ಬರುವುದಿಲ್ಲ. ಆದರೆ 2007ರಿಂದ ಸರ್ಕಾರಿ ಶಾಲೆಗಳಲ್ಲಿ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಕಲಿಸುತ್ತಿದ್ದರೂ ಬರಹದಲ್ಲಿ ಇದೇ ತಪ್ಪುಗಳು ಉಳಿದಿವೆ. ಬೊಮ್ಮನಹಳ್ಳಿಯ ಎಷ್ಟೋ ಮನೆಗಳಲ್ಲಿ ತೆಲುಗು, ತಮಿಳು, ಉರ್ದು ಆಡುತ್ತಾರಲ್ಲ ಎಂಬ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ಆದರೆ ಕನ್ನಡದಂತೆ ಈ ಭಾಷೆಗಳಲ್ಲೂ ಇಂಗ್ಲಿಷಿನ ‘ದಿ’ಗೆ ಸಮನಾದ ಪದವಿಲ್ಲ, ಒಳಗಿನ ಪ್ರಶ್ನೆ ಕ್ರಮ ಬದಲಿಸುವುದಿಲ್ಲ, ಹೋಲಿಕೆಯ ಪಾಠ ಅಲ್ಲಿಗೂ ಸಲ್ಲುತ್ತದೆ. ಮೊಬೈಲೇ ತಿದ್ದಿಕೊಡುತ್ತದೆ ಎನ್ನುವುದೂ ಅರ್ಧ ಸತ್ಯ. ಬರೆದವಳ ಮನಸ್ಸಿನಲ್ಲಿ ಇದ್ದದ್ದು ಒಬ್ಬ ಹುಡುಗನೋ ಹಲವರೋ ಎಂದು ಎಷ್ಟೋ ಸಲ ಅವಳೊಬ್ಬಳಿಗೇ ಗೊತ್ತು.

ಹೈಸ್ಕೂಲಿನಲ್ಲಿ ಕನ್ನಡದ ಮೇಷ್ಟ್ರೂ ಇಂಗ್ಲಿಷ್ ಮೇಷ್ಟ್ರೂ ಒಂದೇ ಸ್ಟಾಫ್ ರೂಮಿನಲ್ಲಿ ಕೂರುತ್ತಾರೆ, ಬೇರೆ ಬೇರೆ ವ್ಯಾಕರಣ ಪಾಠ ಮಾಡುತ್ತಾರೆ. ವಿಭಕ್ತಿ ಪಾಠ ನಡೆಯುವ ವಾರವೇ ಅಪಾಸ್ಟ್ರಫಿಯೂ ಬರಲಿ. ಇದಕ್ಕೆ ಹೊಸ ಪಠ್ಯಪುಸ್ತಕವೂ ಬೇಡ, ಅನುದಾನವೂ ಬೇಡ. ಇಬ್ಬರೂ ಕೂತು ಟೈಮ್‌ಟೇಬಲ್ ಹೊಂದಿಸಿಕೊಂಡರಾಯಿತು.